ಅಳಿವೆ ಹಾಡಿನ ಮೂರನೆಯ ಹೆಸರು

ಟೊಂಕದ ತಿಮ್ಮಿಗೆ ದೇವರು ಕೈಯೆತ್ತಿ ಕೊಟ್ಟದ್ದು ಒಂದೇ, ಗಂಟಲು. ಅದನ್ನಾದರೂ ನೆಟ್ಟಗೆ ಇಟ್ಟುಕೊಳ್ಳಲು ಬಿಟ್ಟನೇ ಎಂದರೆ ಅದೂ ಇಲ್ಲ. ಹೊನ್ನಾವರದ ಮೀನುಪೇಟೆಯಲ್ಲಿ ಬುಟ್ಟಿ ಇಳಿಸಿ ಅವಳು ಒಮ್ಮೆ “ಬಂಗಡೇ...” ಎಂದು ಕೂಗಿದರೆ ಬಂದರದ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತವರು ತಿರುಗಿ ನೋಡುತ್ತಿದ್ದರು. ಪಕ್ಕದ ಹೆಂಗಸರಿಗೆ ಹೊಟ್ಟೆಯುರಿ. “ನೀ ಸ್ವಲ್ಪ ಬಾಯಿ ಮುಚ್ಕಣೇ ಮಾರಾಯ್ತಿ, ನಮ್ಮ ಗಿರಾಕಿಗಳೆಲ್ಲ ನಿನ್ನ ಬುಟ್ಟಿಗೇ ಬೀಳ್ತಾರೆ” ಎಂದು ರೇಗುತ್ತಿದ್ದರು. ತಿಮ್ಮಿ ನಗುತ್ತಿದ್ದಳು. ನಗುವಾಗಲೂ ಅವಳ ಕೈ ಕೊರಳಿನ ಕರಿಮಣಿಯನ್ನು ಒಮ್ಮೆ ಮುಟ್ಟಿ ನೋಡುತ್ತಿತ್ತು. ಅದು ಒಂಬತ್ತು ವರ್ಷದ ಅಭ್ಯಾಸ.

ಅವಳು ಹುಟ್ಟಿದ್ದು ಧಾರೇಶ್ವರದ ಕಡಲ ದಂಡೆಯಲ್ಲಿ. ಅಪ್ಪ ರಂಪಣಿ ಬಲೆ ಎಳೆಯುವವರಲ್ಲಿ ಒಬ್ಬ. ಊರಿನ ನೂರು ಜನ ಎರಡು ಕಡೆ ನಿಂತು ಹಗ್ಗ ಹಿಡಿದು ಆ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವಾಗ ಕೂಗಿಗೆ ಕೂಗು ಸೇರಿಸಬೇಕಾಗುತ್ತಿತ್ತು. ಎಂಟು ವರ್ಷದ ತಿಮ್ಮಿ ಆ ಕೂಗಿನಲ್ಲೇ ಹಾಡು ಕಲಿತಳು. ಹದಿನೇಳಕ್ಕೆ ಮದುವೆಯಾಗಿ ಟೊಂಕಕ್ಕೆ ಬಂದಳು. ಶರಾವತಿ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ, ಹೊನ್ನಾವರದ ಎದುರು ದಡದ ಮರಳ ಮೇಲೆ ಇರುವ ಕೇರಿ ಅದು. ಗಂಡ ವೆಂಕಟ್ರಮಣ. ಬಲೆ ಹೆಣೆಯುತ್ತ ಕೂತು, ಒಳಗೆ ಹೆಂಡತಿ ಗುನುಗುವುದನ್ನು ಕೇಳಿ, ಯಾರೂ ಇಲ್ಲದ ಹೊತ್ತಲ್ಲಿ ಮೆಲ್ಲಗೆ “ಇನ್ನೊಂದ್ಸಲ ಹಾಡೇ” ಎನ್ನುತ್ತಿದ್ದವನು. ಅಷ್ಟು ಮೆತ್ತಗಿನ ಗಂಡಸರು ಟೊಂಕದಲ್ಲಿ ಆಗ ಕಡಿಮೆ, ಈಗಲೂ ಹೆಚ್ಚಾಗಿಲ್ಲ. ಒಂದು ಕೂಸು ಹುಟ್ಟಿತು, ಆರು ದಿನ ಇತ್ತು. ಮತ್ತೆ ಆಗಲಿಲ್ಲ.

ಎಪ್ಪತ್ತಾರರ ಹೊತ್ತಿಗೆ ಯಂತ್ರದ ದೋಣಿಗಳು ಬಂದು ಹೊರಕಡಲಲ್ಲೇ ಮೀನನ್ನು ಗೋರಿಕೊಂಡು ಹೋಗತೊಡಗಿದ್ದವು. ದಡಕ್ಕೆ ಬರುವ ರಂಪಣಿ ಬಲೆಯಲ್ಲಿ ಪಾಚಿ, ಜೆಲ್ಲಿ, ನಾಲ್ಕು ತಾರ್ಲೆ ಮೀನು. ಹೊಟ್ಟೆ ಕೇಳಬೇಕಲ್ಲ. ಭಾದ್ರಪದದಲ್ಲಿ, ಅಳಿವೆಯ ಬಾಯಲ್ಲಿ ಇನ್ನೂ ತೆರೆ ಒಡೆಯುತ್ತಿದ್ದ ದಿನದಲ್ಲಿ, ಟೊಂಕದ ಐವರು ಒಂದೇ ದೋಣಿಯಲ್ಲಿ ಹೊರಟರು. ಕೂರಲು ಐದು ಮಣೆ, ಐದು ಜನ. ಮೂರನೆಯ ಮಣೆಯ ಮೇಲೆ ವೆಂಕಟ್ರಮಣ ಕೂತಿದ್ದ. ಅಳಿವೆಯ ಮರಳುದಿಬ್ಬಕ್ಕೆ ತಾಗಿ ದೋಣಿ ಮಗುಚಿತು. ದಡದಲ್ಲಿ ನಿಂತವರ ಕಣ್ಣೆದುರಿಗೇ ಆದದ್ದು. ಮೂರು ದಿನದಲ್ಲಿ ನಾಲ್ಕು ಹೆಣ ಬಂದವು, ಎರಡು ಟೊಂಕಕ್ಕೆ, ಎರಡು ಪಾವಿನಕುರ್ವೆಯ ಬದಿಗೆ. ವೆಂಕಟ್ರಮಣ ಬರಲಿಲ್ಲ.

ಹೆಣ ಬಾರದಿದ್ದರೆ ಕೇರಿಯವರು ಸತ್ತ ಎನ್ನುವುದಿಲ್ಲ. ಹನ್ನೆರಡು ವರ್ಷ ಕಾಯಬೇಕು. ಆಮೇಲೆ ದರ್ಭೆಯಲ್ಲಿ ಮನುಷ್ಯನನ್ನು ಮಾಡಿ ಸುಟ್ಟು ಕ್ರಿಯೆ ಮುಗಿಸಬೇಕು. ಅಲ್ಲಿಯತನಕ ಅವನ ಹೆಂಡತಿ ಮುತ್ತೈದೆ. ಬಳೆ, ಕುಂಕುಮ, ಕರಿಮಣಿ ಎಲ್ಲ ಇರಬೇಕು. ಅತ್ತೆ ಬೆಳ್ಳಿಗೆ ಆಗ ಅರವತ್ತು ದಾಟಿತ್ತು. ಅವಳು ಮಾಡಬೇಕಾದದ್ದನ್ನು ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಮರಳಿನ ಮೇಲೆ ಹೋಗಿ ನಿಂತು ಅಳಿವೆಯ ಕಡೆ ಮುಖ ಮಾಡಿ ಕೂಗುವುದು. “ಏ ವೆಂಕಟ್ರಮಣಾ... ಊಟಕ್ಕೆ ಬಾರೋ...” ಮೂರು ಸಲ. ಕರೆಯುವವರಿದ್ದರೆ ದಾರಿ ತಪ್ಪಿದವನಿಗೆ ದಿಕ್ಕು ತಿಳಿಯುತ್ತದೆ ಎಂಬ ನಂಬಿಕೆ. ಮಳೆಗಾಲದಲ್ಲಿ ಗೊರಬು ಹೊದ್ದು ಹೋಗುತ್ತಿದ್ದಳು. ಜ್ವರ ಬಂದಾಗ ತಿಮ್ಮಿಯ ಹೆಗಲು ಹಿಡಿದು ಹೋಗುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ಸಂಜೆಯೂ ತಪ್ಪಿಸಲಿಲ್ಲ. ಆಚೀಚೆ ಮನೆಯವರು ಆ ಕೂಗು ಕೇಳಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

ತಿಮ್ಮಿ ಕೂಗುವಂತಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು. ಮದುವೆಯ ದಿನದಿಂದ ಆ ಹೆಸರು ಅವಳ ಬಾಯಿಗೆ ಬಂದದ್ದೇ ಇಲ್ಲ. ಕೂಗುವ ಅತ್ತೆಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಸುಮ್ಮನೆ ನಿಂತಿರುತ್ತಿದ್ದಳು. ನಿಜ ಹೇಳಬೇಕೆಂದರೆ ಗಂಡ ಸತ್ತದ್ದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಮಗುಚಿದ ದೋಣಿಯ ಮೇಲೆ ಮೂರನೆಯ ತೆರೆ ಬಿದ್ದದ್ದನ್ನು ಅವಳು ನೋಡಿದ್ದಳು. ಆದರೆ ಅದನ್ನು ಬೆಳ್ಳಿಯ ಎದುರು ಆಡುವ ಎದೆ ಯಾರಿಗಿದೆ? ಮುದುಕಿಗೋಸ್ಕರ ಹಸಿರು ಬಳೆ ತೊಟ್ಟಳು, ಮುದುಕಿಗೋಸ್ಕರ ಕುಂಕುಮ ಇಟ್ಟಳು. ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ಒಬ್ಬೊಬ್ಬರು ಅವಳ ಹಣೆಯ ಹತ್ತಿರ ಕೈ ತಂದು ಒಂದು ಚೂರು ಅನುಮಾನಿಸುತ್ತಿದ್ದರು. ಆ ಒಂದು ಚೂರು ಹೊತ್ತು ಅವಳಿಗೆ ವರ್ಷದಷ್ಟು ಉದ್ದ.

ಇನ್ನು ಹಾಡಿನ ವಿಷಯ. ಶ್ರಾವಣದ ನೂಲುಹುಣ್ಣಿಮೆಗೆ ಗಂಡಸರು ಕಡಲಿಗೆ ತೆಂಗಿನಕಾಯಿ ಕೊಡುವಾಗ ಟೊಂಕದ ಹೆಂಗಸರು ಬೇರೆ ಕೂತು ಅಳಿವೆ ಹಾಡು ಹಾಡುತ್ತಿದ್ದರು. ಅಳಿವೆ ತೆಗೆದುಕೊಂಡು ತಿರುಗಿ ಕೊಟ್ಟವರ ಹೆಸರುಗಳೆಲ್ಲ ಅದರಲ್ಲಿ ದೋಣಿ ದೋಣಿಯಾಗಿ, ಕೂತ ಮಣೆಯ ಲೆಕ್ಕದಲ್ಲಿ ಬರುತ್ತವೆ.

ಒಂದನೇ ಮಣೆಯಲಿ ನಾಗ ಕೂತಿದ್ದ,
ಒಂದನೇ ಮಣೆಯಲಿ ನಾಗ ಕೂತಿದ್ದ,
ಅಳಿವೇ ತಾಯೇ, ನಾಗನ ಕೊಟ್ಟೆ, ನಿನ್ನ ಪಾದಕೆ ಕಾಯಿ.

ತಿರುಗಿ ಬಾರದವನ ಹೆಸರು ಹಾಡಬಾರದು. ಅವನ ಮಣೆ ಬಂದಾಗ “ಮೂರನೇ ಮಣೆಯಲಿ” ಎಂದಷ್ಟೇ ಹೇಳಿ, ಹೆಸರಿನ ಜಾಗದಲ್ಲಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಕಟ್ಟಿ, ನಾಲ್ಕನೆಯ ಮಣೆಗೆ ದಾಟಬೇಕು. ಹೆಸರು ಹಾಡಿಗೆ ಬಿತ್ತೆಂದರೆ ಅವನ ಕತೆ ಮುಗಿಯಿತು, ಮತ್ತೆ ಕಾಯುವ ಹಾಗಿಲ್ಲ. ಮೊದಲೆಲ್ಲ ಈ ಹಾಡಿಗೆ ಬೆಳ್ಳಿಯೇ ಮುಂದಾಳು. ಎಪ್ಪತ್ತಾರರ ನಂತರ ಅವಳು ಹಾಡುವುದನ್ನು ಬಿಟ್ಟು ಸೊಸೆಗೆ ವಹಿಸಿದಳು. ತಿಮ್ಮಿ ಪ್ರತಿ ಹುಣ್ಣಿಮೆಗೂ ತನ್ನ ಗಂಡನ ಮಣೆಗೆ ಬಂದು ಬಾಯಿ ಮುಚ್ಚಿಕೊಂಡು ದಾಟುತ್ತಿದ್ದಳು.

ಶರಾವತಿಗೆ ಸೇತುವೆ ಆಗಿ, ಹೊನ್ನಾವರದಿಂದ ಈಚೆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಲಾಂಚುಗಳು ನಿಂತವು. ಅವು ಬಂದರದಲ್ಲಿ ಕಟ್ಟಿಹಾಕಿದಲ್ಲೇ ತುಕ್ಕು ಹಿಡಿದವು. ಅದರಲ್ಲೊಂದರ ಟಿಕೇಟು ಹರಿಯುತ್ತಿದ್ದವನು ಇನಾಸ. ಅದಕ್ಕೂ ಮೊದಲು ಮುಂಬೈಯಿಂದ ಹೊರಡುವ ಹಡಗುಗಳಲ್ಲಿ ಹದಿನೈದು ವರ್ಷ ಅಡುಗೆ ಮಾಡಿದ್ದ ಕ್ರಿಸ್ತುವರ ಮನುಷ್ಯ. ಒಂದು ಗಿಟಾರು, ಒಂದು ಕೆಮ್ಮು, ಎರಡನ್ನೂ ಹಡಗಿನಿಂದ ತಂದಿದ್ದ. ಕೆಲಸ ಹೋದ ಮೇಲೆ ದಿನವಿಡೀ ಅವನು ಕೂರುತ್ತಿದ್ದದ್ದು ಮಾಬ್ಲೇಶ್ವರನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಮಾಬ್ಲೇಶ್ವರ ಹಾರ್ಮೋನಿಯಂ ನುಡಿಸುತ್ತಿದ್ದ, ದೇವಸ್ಥಾನದ ವಾದ್ಯದವರ ಪೈಕಿ. ಭಟ್ಕಳದ ಫಾರಿನ್ ಮಾಲಿನ ಅಂಗಡಿಯಿಂದ ಜಪಾನಿನ ಒಂದು ರೆಕಾರ್ಡರ್ ತಂದಿಟ್ಟು, ಅದನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದ. ಕೆಲಸವಿಲ್ಲದ ಗಿಟಾರು ಮತ್ತು ಕೆಲಸವಿಲ್ಲದ ರೆಕಾರ್ಡರು ಒಂದು ಕಡೆ ಸೇರಿದ ಮೇಲೆ ಏನಾದರೊಂದು ಆಗಲೇಬೇಕಿತ್ತು.

ಎಂಬತ್ತೈದರ ಬೇಸಿಗೆಯ ಒಂದು ಮಧ್ಯಾಹ್ನ ಇಬ್ಬರೂ ಮೀನುಪೇಟೆಗೆ ಬಂದು ತಿಮ್ಮಿಯ ಬುಟ್ಟಿಯೆದುರು ಕುಕ್ಕರುಗಾಲಲ್ಲಿ ಕೂತರು.

“ತಿಮ್ಮಕ್ಕ, ಅಮೆರಿಕದ ಒಂದು ಬಂದರದಾಗೆ ನಾ ಕೇಳಿದ್ದೆ,” ಎಂದ ಇನಾಸ. “ಕರೀ ಜನರ ಹಾಡು. ಬ್ಲೂಸ್ ಅಂತಾರೆ. ದುಕ್ಕದ್ದೇ ಹಾಡು. ಒಂದು ಸಾಲನ್ನ ಎರಡು ಸಲ ಹೇಳೂದು, ಮೂರನೇದ್ರಲ್ಲಿ ಅದ್ಕೆ ಉತ್ತರ ಕೊಡೂದು. ಒಂದೊಂದು ಊರಿಗೂ ಅಂಥಾ ಹಾಡು ಅದೆ ಅವರತ್ರ.”

“ಅದ್ರಲ್ಲಿ ಹೊಸದೆಂತ ಅದೆ?” ಎಂದಳು ತಿಮ್ಮಿ, ಮೀನಿನ ಮೇಲೆ ನೀರು ಚಿಮುಕಿಸುತ್ತ. “ನಮ್ಮ ಹೆಂಗಸ್ರು ಹಾಡೂದೂ ಹಾಂಗೇ.”

“ಅದಕ್ಕೇ ಬಂದದ್ದು ಮಾರಾಯ್ತಿ! ಹೊನ್ನಾವರಕ್ಕೂ ಒಂದು ಕ್ಯಾಸೆಟ್ಟು ಮಾಡ್ವ. ಲಾಂಚಿಂದು ನಾ ಹಾಡ್ತೆ. ರಂಪಣಿಂದು ಮಾಬ್ಲೇಶ್ವರ. ಗುಮಟೆ ಬಡೂಕೆ ಸಂತೆಗುಳಿ ಬದಿಯ ಕುಪ್ಪಗೌಡ ಬತ್ತೆ ಅಂದಾರೆ. ಅಳಿವೆ ಹಾಡು ಮಾತ್ರ ನಿಂದು.”

ತಿಮ್ಮಿಗೆ ಆಸೆಯಾಯಿತು. ಮೂವತ್ತಾರು ವರ್ಷದ ಬಾಳಿನಲ್ಲಿ ಅವಳನ್ನು ಯಾರೂ ಏನನ್ನೂ ಹೀಗೆ ಬಂದು ಕೇಳಿರಲಿಲ್ಲ. ಅಳಿವೆ ಹಾಡು ಪೂರ್ತಿ ಬರುವ ಹೆಂಗಸರು ಟೊಂಕದಲ್ಲಿ ಮೂವರೇ ಉಳಿದಿದ್ದರು, ಅದರಲ್ಲಿಬ್ಬರಿಗೆ ಹಲ್ಲಿರಲಿಲ್ಲ. ಅವಳು ಅತ್ತೆಯನ್ನು ಕೇಳಿದಳು. ಬೆಳ್ಳಿ ಬಹಳ ಹೊತ್ತು ಎಲೆ ಅಡಿಕೆ ಜಗಿದಳು.

“ಹೋಗಿ ಹಾಡು. ಬ್ಯಾಡ ಅನ್ನೂಕೆ ಹಾಡು ನನ್ನಪ್ಪಂದಲ್ಲ. ಆದ್ರೆ ಮೂರನೇ ಮಣೆ ಖಾಲಿ ಇರ್ಲಿ ತಿಮ್ಮೀ. ಇನ್ನು ಮೂರೇ ವರ್ಷ. ಅಷ್ಟರಾಗೆ ಬಂದ್ರೂ ಬಂದ.”

“ಆತು ಅತ್ತೆ. ಖಾಲೀನೇ ಇರ್ತದೆ” ಎಂದು ತಿಮ್ಮಿ ಅತ್ತೆಯ ಕೈ ಮುಟ್ಟಿ ಹೇಳಿದಳು.

ಅಂಗಡಿಯ ಹಿಂದಿನ ಕೋಣೆಗೆ ಗೋಣಿಚೀಲ, ಕಂಬಳಿ ತೂಗಿ ಮಾಬ್ಲೇಶ್ವರ ಸದ್ದು ಅಡಗಿಸಿದ್ದ. ಗಾಳಿಯೂ ಅಡಗಿತ್ತು. ನಾಲ್ವರೂ ಬೆವರಿನಲ್ಲಿ ನೆನೆದು ಕೂತರು. ಕುಪ್ಪಗೌಡ ಗುಮಟೆಯನ್ನು ಸೊಸೆಗಿಂತ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಮಣ್ಣಿನ ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿದ ವಾದ್ಯ ಅದು. ಉಡ ಹಿಡಿದರೆ ಫಾರೆಸ್ಟಿನವರು ಹಿಡಿಯುತ್ತಾರೆ, ಚರ್ಮ ಹರಿದರೆ ಮತ್ತೆ ಹೊಸದಿಲ್ಲ. ಆದ್ದರಿಂದ ಅಂಗಳದಲ್ಲಿ ಹುಲ್ಲು ಉರಿಸಿ ಅವನು ಗುಮಟೆಗೆ ಬಿಸಿ ತಾಗಿಸುವುದನ್ನು ನೋಡಿದರೆ ಬಾಣಂತಿಯ ಕೂಸಿಗೆ ಶಾಖ ಕೊಟ್ಟ ಹಾಗೇ ಇರುತ್ತಿತ್ತು. ಲಾಂಚಿನ ಹಾಡಾಯಿತು, ರಂಪಣಿಯದಾಯಿತು, ಉಡ ಹಿಡಿದು ಜೈಲಿಗೆ ಹೋದವನ ಹಾಡನ್ನು ಕುಪ್ಪಗೌಡನೇ ಹಾಡಿ ಎಲ್ಲರನ್ನೂ ನಗಿಸಿದ. ನಾಲ್ಕನೆಯ ದಿನ ಅಳಿವೆ ಹಾಡಿಗೆ ಕೂತರು.

ಮೊದಲ ಸಲ ತಿಮ್ಮಿ ಮೂರನೆಯ ಮಣೆಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದಾಗ ಕುಪ್ಪಗೌಡನ ಕೈ ತಡವರಿಸಿತು. ಅವಳು ಮರೆತಳೆಂದುಕೊಂಡ. ಎರಡನೆಯ ಸಲ ಆ ಖಾಲಿ ಜಾಗವನ್ನು ಇನಾಸ ಗಿಟಾರಿನಿಂದ ತುಂಬಿದ. ತಿಮ್ಮಿ ಹಾಡು ನಿಲ್ಲಿಸಿ, “ಅಲ್ಲಿ ಯಾರೂ ಎಂತದೂ ಬಾರ್ಸೂಕಾಗ” ಎಂದಳು. ಯಾಕೆಂದು ವಿವರಿಸಿಯೂ ಹೇಳಿದಳು. ಇನಾಸ ತಲೆ ತಗ್ಗಿಸಿದ. ಮೂರನೆಯ ಸಲ ಎಲ್ಲರೂ ಅಲ್ಲಿ ಸುಮ್ಮನಾದರು. ತಿರುಗಿಸಿ ಕೇಳಿದಾಗ ಮಾಬ್ಲೇಶ್ವರನ ಮುಖ ಸಪ್ಪಗಾಯಿತು.

“ಟೇಪ್ ಕಟ್ಟಾದಾಂಗೆ ಕೇಳ್ತದೆ ತಿಮ್ಮಕ್ಕ. ತಕಂಡವರು ತಿರುಗಿ ತಂದು ಕೊಡ್ತಾರೆ. ಅಲ್ಲೊಂದು ‘ಅಣ್ಣ’ ಅಂತಾದ್ರೂ ಹಾಕು.”

“ಸಾಧ್ಯಿಲ್ಲ.”

“ಆತು, ಇನ್ನೊಂದ್ಸಲ ಹಾಂಗೇ ಹೇಳು. ಗೌಡ್ರೆ, ನೀವು ಕೈ ಬಿಡ್ಬ್ಯಾಡಿ. ಅವಳು ಸುಮ್ನಾದ್ರೂ ಗುಮಟೆ ನಡೀಲಿ.”

ಇದೊಂದು ತಪ್ಪು. ಸಂತೆಗುಳಿಯ ಕುಪ್ಪಗೌಡ ಗದ್ದೆಯ ಮನುಷ್ಯ, ಕಡಲಿನ ನಿಯಮ ಅವನ ಕಿವಿಗೆ ಬಿದ್ದಿತ್ತು, ಕೈಗೆ ಗೊತ್ತಿರಲಿಲ್ಲ. ಟೊಂಕದ ಹೆಂಗಸರು ಈ ಹಾಡನ್ನು ವಾದ್ಯವಿಲ್ಲದೆ, ಬರಿಯ ಉಸಿರಿನ ಮೇಲೆ ಹಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಉಸಿರು ನಮ್ಮ ಕೈಯಲ್ಲಿದ್ದರೆ ನಿಲ್ಲಿಸಬಹುದು. ಗುಮಟೆ ನಿಲ್ಲುವುದಿಲ್ಲ.

ಚಹ ಕುಡಿದು, ಗುಮಟೆಗೆ ಮತ್ತೊಮ್ಮೆ ಶಾಖ ಕೊಟ್ಟು, ನಾಲ್ಕನೆಯ ಸಲ ಶುರುಮಾಡಿದರು. ಆ ದಿನ ಅವಳ ಗಂಟಲು ತೆರೆದದ್ದು ಆಗಲೇ. ತಿಮ್ಮಿ ಕಣ್ಣು ಮುಚ್ಚಿದಳು. ಮೊದಲ ಮಣೆ ಹೋಯಿತು, ಎರಡನೆಯ ಮಣೆ ಹೋಯಿತು. ಹೊಟ್ಟೆಯ ಒಳಗೇ ಬಡಿದ ಹಾಗೆ ಗುಮಟೆ ನಡೆಯುತ್ತಿತ್ತು. ಹೆಸರಿನ ಜಾಗ ಬಂತು, ಗುಮಟೆ ನಿಲ್ಲಲಿಲ್ಲ, ಅವಳ ಕೈ ಬಾಯಿಯತನಕ ಏಳಲಿಲ್ಲ.

ಮೂರನೇ ಮಣೆಯಲಿ ವೆಂಕಟ್ರಮಣ ಕೂತಿದ್ದ,
ಮೂರನೇ ಮಣೆಯಲಿ ವೆಂಕಟ್ರಮಣ ಕೂತಿದ್ದ,
ಅಳಿವೇ ತಾಯೇ...

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದು. ಬಂದದ್ದು ತಿಳಿಯುವಷ್ಟರಲ್ಲಿ ಅವಳು ಐದನೆಯ ಮಣೆಯಲ್ಲಿದ್ದಳು. ಹಾಡು ಮುಗಿಯಿತು. ಇನಾಸ ಮೆಲ್ಲಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ತಿಮ್ಮಿಗೆ ಎದೆ ಹಗುರಾಗಿತ್ತು. ಆ ಹಗುರಕ್ಕೇ ಅವಳಿಗೆ ಭಯವಾಯಿತು, ನಾಚಿಕೆಯಾಯಿತು.

“ಅಳ್ಸಿ ಮಾಬ್ಲೇಶ್ವರಣ್ಣ. ಈಗ್ಲೇ ಅಳ್ಸಿ.”

“ಅಳಸ್ತೆ ತಿಮ್ಮಕ್ಕ. ಹೆದ್ರಬ್ಯಾಡ.” ಅವನು ಹಾರ್ಮೋನಿಯಂ ಮೇಲೆ ಕೈಯಿಟ್ಟು ಹೇಳಿದ. ಅದು ಅವನಿಗೆ ದೇವರು. ಐದನೆಯ ಸಲ ಹಾಡಿಸಿದರು, ಮೂರನೆಯ ಮಣೆ ಖಾಲಿಯಿಟ್ಟು. ಗಂಟಲು ನಡುಗುತ್ತಿತ್ತು. “ಇಷ್ಟೇ ಸಾಕು, ಇದನ್ನೇ ಹಾಕ್ತೆ” ಎಂದ ಮಾಬ್ಲೇಶ್ವರ. ತಿಮ್ಮಿ ನಂಬಿ ಮನೆಗೆ ಹೋದಳು. ಮನೆಯಲ್ಲಿ ಏನನ್ನೂ ಹೇಳಲಿಲ್ಲ.

ಅವನು ಅಳಿಸಲಿಲ್ಲ. ಹೊಟ್ಟೆಕಿಚ್ಚಿನವನಲ್ಲ, ಕೇಡಿಗನೂ ಅಲ್ಲ. ಒಳ್ಳೆಯವರು ಮಾಡುವ ಕೇಡಿಗೆ ಮದ್ದಿಲ್ಲದ್ದು ಅದಕ್ಕೇ. ರಾತ್ರಿ ಕೂತು ಆ ನಾಲ್ಕನೆಯದನ್ನು ಕೇಳಿದ, ಅತ್ತ, ಮತ್ತೆ ಕೇಳಿದ. ಒಂಬತ್ತು ವರ್ಷದ ಹಿಂದೆ ಮುಳುಗಿದವನು ಸತ್ತದ್ದು ಇಡೀ ಹೊನ್ನಾವರಕ್ಕೆ ಗೊತ್ತು. ಹೆಸರು ಹೇಳಿದರೆ ಯಾರಿಗೇನು ಹೋಗುತ್ತದೆ, ಆಚೆ ದಡದ ಹೆಂಗಸರ ನಂಬಿಕೆ ಅಷ್ಟೇ ತಾನೇ, ಎಂದು ತನಗೆ ತಾನೇ ಹೇಳಿಕೊಂಡ. ಇಂಥ ಹಾಡನ್ನು ಅಳಿಸಿದರೆ ಪಾಪ ಬರುತ್ತದೆ ಎಂದೂ ಹೇಳಿಕೊಂಡ. ಇನಾಸನಿಗೆ ಗೊತ್ತಿತ್ತು. ಅವನೂ ಸುಮ್ಮನಿದ್ದ.

ಮಳೆ ಮುಗಿದು ಕಾರ್ತಿಕದಲ್ಲಿ ಕ್ಯಾಸೆಟ್ಟು ಬಂತು. ನೀಲಿ ಕಾಗದದ ಮೇಲೆ ಲಾಂಚಿನ ಚಿತ್ರ, ‘ಹೊನ್ನಾವರದ ದುಃಖ’ ಎಂದು ಹೆಸರು. ತಿಮ್ಮಿಯ ಮನೆಯಲ್ಲಿ ಅದನ್ನು ಹಾಕಿ ಕೇಳಲು ಏನೂ ಇರಲಿಲ್ಲ. ಒಂದನ್ನು ಕೊಟ್ಟರು, ಅವಳು ದೇವರ ಮಾಡದಲ್ಲಿಟ್ಟಳು. ಒಂದು ವಾರದಲ್ಲಿ ಕುಮಟೆಗೆ, ಭಟ್ಕಳಕ್ಕೆ ಓಡುವ ಟೆಂಪೋಗಳಲ್ಲೆಲ್ಲ ಅದೇ ಹಾಡು.

ಒಣಮೀನಿನ ಬುಟ್ಟಿ ಹಿಡಿದು ಬೆಳ್ಳಿ ಟೆಂಪೋ ಹತ್ತಿ ಹೊನ್ನಾವರಕ್ಕೆ ಹೊರಟ ದಿನ ನಡೆದದ್ದನ್ನು ತಿಮ್ಮಿಗೆ ಬಂದು ಹೇಳಿದವಳು ಆಚೆಮನೆಯ ಮಂಜಿ. ಮಂಜಿಯೂ ಅದೇ ಟೆಂಪೋದಲ್ಲಿದ್ದಳು.

“ಮೊದ್ಲು ನಗಾಡ್ತಾ ಇತ್ತೇ ನಿನ್ನತ್ತೆ. ‘ಇದು ನಮ್ಮ ತಿಮ್ಮೀದು, ನಮ್ಮ ತಿಮ್ಮೀದು’ ಅಂತ ಎಲ್ಲರಿಗೂ ಹೇಳ್ತು. ಸೇತುವೆ ಮೇಲೆ ಹೋಗ್ತಿತ್ತು ಟೆಂಪೋ. ಮೂರನೇ ಮಣೆ ಬಂತು ನೋಡು... ತಿಮ್ಮೀ, ನೀ ಎಂತಕ್ಕೆ ಹಾಂಗೆ ಹೇಳ್ದೆ?”

“ಮತ್ತೆ?”

“ಮತ್ತೆಂತ. ‘ನಿಲ್ಸಾ, ನಿಲ್ಸಾ’ ಅಂತ ಕೂಗಿ ಸೇತುವೆ ನಡುಮಧ್ಯವೇ ಇಳೀತು. ಕರದ್ರೂ ತಿರುಗಿ ನೋಡ್ಲಿಲ್ಲ.”

ಬೆಳ್ಳಿ ನಡೆದುಕೊಂಡು ಮನೆಗೆ ಬಂದಳು. ಬುಟ್ಟಿ ಇರಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಳು. ಬೈದಿದ್ದರೆ ತಿಮ್ಮಿ ಬದುಕಿಕೊಳ್ಳುತ್ತಿದ್ದಳು.

“ಅಳಸ್ತೆ ಅಂದಿದ್ರು ಅತ್ತೆ. ಹಾರ್ಮೋನಿಯಂ ಮುಟ್ಟಿ ಹೇಳಿದ್ರು.”

“ಟೇಪಿಂದ ಅಳ್ಸೂಕೆ ಬತ್ತದೆ. ನೀ ಹೇಳಿದ್ದು ಹೌದೋ ಅಲ್ವೋ?”

ತಿಮ್ಮಿ ಸುಳ್ಳು ಹೇಳಬಹುದಿತ್ತು. ಹೇಳಿದರೆ ನಂಬಲೂ ಮುದುಕಿ ಕಾದು ಕೂತಿದ್ದಳೋ ಏನೋ.

“ಹೌದು” ಎಂದಳು.

ಸಂಜೆಯಾಯಿತು. ದೀಪ ಹಚ್ಚುವ ಹೊತ್ತಾದರೂ ಬೆಳ್ಳಿ ಕಂಬ ಬಿಟ್ಟು ಏಳಲಿಲ್ಲ. ತಿಮ್ಮಿ ಅಂಗಳಕ್ಕೂ ಒಳಗೂ ನಾಲ್ಕು ಸಲ ಓಡಾಡಿದಳು. ಕೊನೆಗೆ ಹತ್ತಿರ ಬಂದು, “ಅತ್ತೆ, ಹೊತ್ತಾತು” ಎಂದಳು.

“ಯಾರ್ನ ಕರೂದು?” ಎಂದಳು ಬೆಳ್ಳಿ.

ಆ ಸಂಜೆ ಟೊಂಕದ ಮನೆಗಳಲ್ಲಿ ದೀಪ ಹಚ್ಚುವುದು ತಡವಾಯಿತು. ಯಾಕೆಂದು ಯಾರಿಗೂ ಥಟ್ಟನೆ ಹೊಳೆಯಲಿಲ್ಲ.

ಮುಂದಿನದೆಲ್ಲ ಕೇರಿಯ ಹಿರಿಯರು ಕೂತು ನಡೆಸಿದರು. ಹೆಸರು ಹಾಡಿಗೆ ಬಿದ್ದಿದೆ, ಅದೂ ಹೆಂಡತಿಯ ಬಾಯಿಂದಲೇ. ಇನ್ನು ಮೂರು ವರ್ಷ ಉಳಿದಿದೆ ಎನ್ನುವ ಮಾತಿಗೆ ಅರ್ಥವಿಲ್ಲ. ದರ್ಭೆಯ ಮನುಷ್ಯನಿಗೆ ವೆಂಕಟ್ರಮಣನ ಹಳೆಯ ಅಂಗಿ ಹೊದೆಸಿ ಮರಳಿನ ಮೇಲೆ ಸುಟ್ಟರು. ಗೇಣುದ್ದ ಬೊಂಬೆ, ಬೀಡಿ ಹೊತ್ತಿಸಿ ಸೇದಿ ಮುಗಿಸುವಷ್ಟರಲ್ಲಿ ಬೂದಿಯಾಯಿತು. ಹನ್ನೊಂದನೆಯ ದಿನ ಬಳೆ ಒಡೆಯಬೇಕಾದಾಗ ಬೇರೆ ವಿಧವೆಯರು ಮುಂದೆ ಬಂದರು. ಬೆಳ್ಳಿ ಅವರನ್ನು ಸರಿಸಿ ತಾನೇ ಕೂತಳು. ಸೊಸೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಜು ಚುಚ್ಚದ ಹಾಗೆ ಬಟ್ಟೆ ಸುತ್ತಿ, ಗುಂಡುಕಲ್ಲಿನಿಂದ ಒಂದೊಂದೇ ಬಳೆಯನ್ನು ಒಡೆದಳು. ಅಷ್ಟು ಜೋಪಾನ ಯಾಕೆ ಮಾಡಿದಳೋ. ಒಂದೆರಡು ಗಾಜು ಚುಚ್ಚಿ ರಕ್ತವಾದರೂ ಬರಲಿ ಎಂದು ತಿಮ್ಮಿ ಬೇಡಿಕೊಳ್ಳುತ್ತಿದ್ದಳು.

ಕ್ರಿಯೆ ಕಳೆದು ಎರಡು ದಿನಕ್ಕೆ ಕುಪ್ಪಗೌಡ ಒಂದು ಗೊನೆ ಬಾಳೆಹಣ್ಣು ಹೊತ್ತು ಟೊಂಕಕ್ಕೆ ಬಂದ. ಅಂಗಳದ ಅಂಚಲ್ಲೇ ಕೂತ, ಮೇಲೆ ಬರಲಿಲ್ಲ.

“ನಾ ಕೈ ನಿಲ್ಸಬೇಕಿತ್ತು ತಂಗಿ. ನಿಂಗೆ ಉಸಿರು ತಕಂಬೂಕೆ ಬಿಡ್ಲಿಲ್ಲ ನಾನು.”

“ನಿಮ್ದೆಂತ ತಪ್ಪದೆ ಗೌಡ್ರೆ.”

“ಚರ್ಮ ಬಿಚ್ಚಿ ಹಾಕ್ದೆ. ಇನ್ನು ಬಡೂದಿಲ್ಲ.” ಎದ್ದು, ಬಂದ ದಾರಿಯಲ್ಲೇ ಹೋದ. ಆ ಮೂವರಲ್ಲಿ ಬಾಯಿಬಿಟ್ಟು ತಪ್ಪು ಒಪ್ಪಿಕೊಂಡವನು ಅವನೊಬ್ಬನೇ, ತಪ್ಪು ಎಲ್ಲಕ್ಕಿಂತ ಕಡಿಮೆ ಇದ್ದದ್ದೂ ಅವನದೇ.

ತಿಮ್ಮಿ ಮತ್ತೆ ಮೀನುಪೇಟೆಗೆ ಹೋದ ದಿನ ಮೊದಲು ಹೋದದ್ದು ಮಾಬ್ಲೇಶ್ವರನ ಅಂಗಡಿಗೆ. ಅವಳ ಬೋಳು ಕೈ, ಬೋಳು ಹಣೆ ನೋಡಿ ಅವನು ಎದ್ದು ನಿಂತ.

“ತಿಮ್ಮಕ್ಕ, ಜನ ಕೇಳಿ ಅಳ್ತಾರೆ. ಭಟ್ಕಳದಲ್ಲಿ ಒಬ್ಬ ಸಾಬ್ರು ಮೂರು ತಕಂಡೋದ್ರು. ನಿನ್ನ ಹೆಸ್ರು ದೊಡ್ಡದಾಗಿ ಹಾಕಿದ್ದೆ. ನಿನ್ನ ಗಂಡನ ಹೆಸ್ರೂ ಉಳೀಲಿ ಅಂತ...”

“ಒಂಬತ್ತು ವರ್ಷ ಒಂದು ಮುದುಕಿ ಆ ಹೆಸ್ರು ಹಿಡ್ಕಂಡು ಉಳದಿತ್ತು ಮಾಬ್ಲೇಶ್ವರಣ್ಣ. ಅದರ ಬಾಯಿ ಮುಚ್ಚಸ್ದೆ ನೀನು. ನಿಂಗೆ ಹಾಡಾತು. ನಂಗೆಂತ ಆತು ಹೇಳು.”

ಅವನು ಕ್ಯಾಸೆಟ್ ಮಾರುವುದನ್ನು ನಿಲ್ಲಿಸುತ್ತೇನೆಂದ. ನಿಲ್ಲಿಸಿದ ಕೂಡ. ಆದರೆ ಆಗಲೇ ಒಂದರಿಂದ ಒಂದಕ್ಕೆ ತುಂಬಿಸಿಕೊಂಡು ಕುಮಟೆಯ ಅಂಗಡಿಯವರು ತಾವೇ ಮಾರುತ್ತಿದ್ದರು. ಹೋಟೆಲಿನಲ್ಲಿ, ಮದುವೆ ಮನೆಯ ಮೈಕಿನಲ್ಲಿ, ಬಸ್ ನಿಲ್ದಾಣದ ಪಾನ್ ಅಂಗಡಿಯಲ್ಲಿ ತಿಮ್ಮಿಯ ಗಂಟಲು ಅವಳ ಗಂಡನ ಹೆಸರು ಹೇಳುತ್ತಿತ್ತು. ಟೊಂಕದಲ್ಲೇ ಎರಡು ಮನೆಗೆ ದುಬೈಯಿಂದ ಟೇಪ್ ರೆಕಾರ್ಡರ್ ಬಂದಿತ್ತು. ಮೀನು ಮಾರುವಾಗ ಅವಳು ಕೂಗುವುದನ್ನು ಬಿಟ್ಟಳು. ಬುಟ್ಟಿಯೆದುರು ಸುಮ್ಮನೆ ಕೂರುತ್ತಿದ್ದಳು, ಬಂದವರು ಬಂದರು, ಹೋದವರು ಹೋದರು. ಈಗ ಪಕ್ಕದ ಹೆಂಗಸರೇ ಅವಳ ಪರವಾಗಿ ಎರಡು ಕೂಗು ಕೂಗುತ್ತಿದ್ದರು.

ಬೆಳ್ಳಿಗೆ ರೋಗವೆಂದು ಏನಿರಲಿಲ್ಲ. ಸಂಜೆ ಮಾಡುವ ಕೆಲಸವೊಂದು ಹೋಯಿತು, ಅದರ ಹಿಂದೆ ಒಂದೊಂದೇ ಬೇರೆಯವೂ ಹೋದವು. ಎಲೆ ಅಡಿಕೆ ಬಿಟ್ಟಳು. ಬಾಗಿಲಿಗೆ ಬರುವುದನ್ನು ಬಿಟ್ಟಳು. ಹೋಳಿ ಹುಣ್ಣಿಮೆಯ ಹೊತ್ತಿಗೆ ಚಾಪೆ ಹಿಡಿದಳು. ಗಂಜಿ ಕೊಟ್ಟರೆ ಎರಡು ಗುಟುಕು. ಡಾಕ್ಟರು ನೋಡಿ, ವಯಸ್ಸಾಯಿತಲ್ಲ, ಎಂದು ಟಾನಿಕ್ ಬರೆದುಕೊಟ್ಟರು. ತಿಮ್ಮಿ ಹಗಲೆಲ್ಲ ಅತ್ತೆಯ ಕಾಲು ನೀವುತ್ತ ಕೂರುತ್ತಿದ್ದಳು. ಇಬ್ಬರ ನಡುವೆ ಮಾತು ಕೆಟ್ಟಿರಲಿಲ್ಲ, ಮಾತೇ ಇರಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಳ್ಳಿಯ ಕಣ್ಣು ಬಾಗಿಲ ಕಡೆ ತಿರುಗಿದ್ದನ್ನು ತಿಮ್ಮಿ ಕಂಡಳು. ಆ ನೋಟ ಬಾಗಿಲಿನಾಚೆಗೆ, ಮರಳಿನ ಕಡೆಗೆ ಇತ್ತು. ಯಾರೂ ಕರೆಯದೆ ಆರು ತಿಂಗಳಾಗಿದೆ. ಮುದುಕಿಗೆ ಬೇಕಾದದ್ದು ಟಾನಿಕ್ ಅಲ್ಲ. ತಾನು ಹೋಗಿ ಕರೆದರೇನು? ಹೆಂಡತಿ ಹೆಸರು ಹೇಳಬಾರದು ನಿಜ, ಆದರೆ ತಾನೀಗ ಯಾರ ಹೆಂಡತಿ? ಹೇಳಿ ಕೆಡಿಸಿದ ಬಾಯಿ ಹೇಳಿಯೇ ಸರಿಮಾಡಲಿ. ಅಂಗಳ ದಾಟಿ ಮರಳಿಗೆ ಇಳಿದಳು. ಅತ್ತೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಅಳಿವೆಯ ಕಡೆ ಮುಖ ಮಾಡಿ, ಮೂವತ್ತೇಳು ವರ್ಷದ ಗಂಟಲನ್ನೆಲ್ಲ ಸೇರಿಸಿ ಕೂಗಿದಳು.

“ಏ ವೆಂಕಟ್ರಮಣಾ... ಊಟಕ್ಕೆ ಬಾರೋ...”

ಮೂರು ಸಲ ಕೂಗಿದಳು. ಗಂಟಲು ಒಡೆಯಲಿಲ್ಲ, ನಡುಗಲೂ ಇಲ್ಲ. ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಕಣ್ಣೀರು ಒರೆಸಿಕೊಂಡು, ಒಂದು ಮಾತು, ಒಂದು ‘ಹೂಂ’ ಆದರೂ ಸಿಗುತ್ತದೆಂಬ ಆಸೆಯಿಂದ ಓಡಿ ಒಳಗೆ ಬಂದಳು. ಬೆಳ್ಳಿ ಗೋಡೆಯ ಕಡೆ ಹೊರಳಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಿದ್ದಳು.

“ಅತ್ತೆ...”

“ಯಾರ ಮನೆಲೋ ಆ ಕ್ಯಾಸೆಟ್ಟು ಹಾಕ್ಯಾರೆ ತಿಮ್ಮೀ,” ಎಂದಳು ಬೆಳ್ಳಿ. “ದೀಪ ಹಚ್ಚೂ ಹೊತ್ತು. ಬಂದ್ ಮಾಡೂಕೆ ಹೇಳಿ ಬಾ.”

ತಿಮ್ಮಿ ಅತ್ತೆಯ ಹೊದಿಕೆ ಸರಿಮಾಡಿದಳು.

“ಆತು ಅತ್ತೆ” ಎಂದು ಹೊರಗೆ ಹೋದಳು.